ಟಿಸಿಎಕ್ಸ್‌ಓ ಅಂದ್ರೆ ಕಡಿಮೆ ರೇಟಿನ ಓಸಿಎಕ್ಸ್‌ಓ ಅಲ್ಲ ಸ್ವಾಮೀ!

ಬ್ಲಾಗಿಗೆ ಧೂಳು ಹಿಡಿದು ಎಷ್ಟೋ ಕಾಲವಾಗಿತ್ತು. ಬರೀಬೇಕು ಬರೀಬೇಕು ಅಂದುಕೊಳ್ಳುತ್ತಲೇ ಸೋಮಾರಿತನ ಮಾಡುತ್ತಿದ್ದೆ. ಇವತ್ತು ಬರೆಯಲು ಕೂತಿರೋದಕ್ಕೆ ಕಾರಣ ಸಿಟ್ಟು.

ಮೊನ್ನೆ ಶನಿವಾರ ದರ್ಶಿನಿಯಲ್ಲಿ ಹಳೇ ಸಹೋದ್ಯೋಗಿಯೊಬ್ಬ ಸಿಕ್ಕಿದ್ದ. ಇಡ್ಲಿ ವಡೆ ಮುಗಿಸಿ ಬೈಟು ಕಾಫಿ ಹಿಡಿದು ನಿಂತಿದ್ದಾಗ ಮಾತು ಅವನ ಹೊಸ ಪ್ರಾಜೆಕ್ಟಿನ ಕಡೆ ತಿರುಗಿತು. "ಗುರು, ಈಗಿನ ಕಾಲದಲ್ಲಿ ಓಸಿಎಕ್ಸ್‌ಓ ಯಾರು ಹಾಕ್ತಾರೆ? ಒಳ್ಳೇ ಟಿಸಿಎಕ್ಸ್‌ಓ ತಗೊಂಡ್ರೆ ಪಾಯಿಂಟ್ ಒನ್ ಪಿಪಿಎಂ ಸಿಗುತ್ತೆ. ಅದೇ ಕೆಲಸ, ಕಮ್ಮಿ ದುಡ್ಡು, ಕರೆಂಟೂ ತಿನ್ನಲ್ಲ" ಅಂದ. ನಾನು ಲೋಟ ಕೆಳಗಿಟ್ಟೆ. ಇದೇ "ಅದೇ ಕೆಲಸ" ಅನ್ನೋ ಮಾತು ನನ್ನ ಕೈಲಿ ಒಮ್ಮೆ ಒಂದು ಸಹಿ ಹಾಕಿಸಿತ್ತು. ಆ ಸಹಿಯ ಪಾಪಕ್ಕೆ ನಾನು ಬೈಸಿಕೊಳ್ಳಲಿಲ್ಲ, ಇನ್ನೊಬ್ಬ ಹುಡುಗ ಬೈಸಿಕೊಂಡ. ಅದನ್ನು ಆಮೇಲೆ ಹೇಳುತ್ತೇನೆ.

ಕವಿತೆ ಬರೆಯುವ, ಚಾರಣ ಹೋಗುವ, ಅಡುಗೆ ಬರೆಯುವ ಬ್ಲಾಗಿಗ ಮಿತ್ರರೇ, ಪಿಪಿಎಂ ಅಂದ ಕೂಡಲೇ ಓಡಬೇಡಿ. ವಿಷಯ ಅಷ್ಟು ಕಷ್ಟದ್ದಲ್ಲ. ನಿಮ್ಮ ಫೋನು, ಟಿವಿ, ಕೈಗಡಿಯಾರ ಎಲ್ಲದರ ಒಳಗೂ ಒಂದು ಕ್ವಾರ್ಟ್ಸ್ ಹರಳಿನ ಚೂರು ಇರುತ್ತೆ. ಅದಕ್ಕೆ ವಿದ್ಯುತ್ ಕೊಟ್ಟರೆ ಒಂದೇ ಲಯದಲ್ಲಿ ನಡುಗುತ್ತೆ. ಕೈಗಡಿಯಾರದ್ದು ಸೆಕೆಂಡಿಗೆ 32,768 ಸಲ. ಆ ನಡುಕವನ್ನು ಎಣಿಸಿಕೊಂಡು ಉಳಿದ ಸರ್ಕ್ಯೂಟು ಕೆಲಸ ಮಾಡುತ್ತೆ. ತೊಂದರೆ ಒಂದೇ... ಬಿಸಿ ಹೆಚ್ಚು ಕಡಿಮೆ ಆದರೆ ಲಯವೂ ತಪ್ಪುತ್ತೆ. ಹತ್ತು ಲಕ್ಷಕ್ಕೆ ಒಂದು ತಪ್ಪಿದರೆ ಅದು ಒಂದು ಪಿಪಿಎಂ, ಅಂದರೆ ದಿನಕ್ಕೆ 86 ಮಿಲಿಸೆಕೆಂಡು, ವರ್ಷಕ್ಕೆ ಸುಮಾರು 31 ಸೆಕೆಂಡು. ಸಾಮಾನ್ಯ ಕೈಗಡಿಯಾರದ ಹರಳು 25 ಡಿಗ್ರಿಯ ಹತ್ತಿರ ಸರಿಯಾಗಿ ಓಡುವಂತೆ ಕತ್ತರಿಸಿರುತ್ತಾರೆ. ಅದನ್ನು 45 ಡಿಗ್ರಿ ಬಿಸಿಲಿನ ಕಿಟಕಿಯಲ್ಲಿಟ್ಟರೆ ದಿನಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಂದೆ ಬೀಳುತ್ತೆ. ಮಜಾ ಅಂದ್ರೆ 5 ಡಿಗ್ರಿ ಚಳಿಯಲ್ಲಿಟ್ಟರೂ ಅಷ್ಟೇ ಹಿಂದೆ ಬೀಳುತ್ತೆ. ರೇಡಿಯೋ ಉಪಕರಣಗಳಲ್ಲಿ ಬಳಸುವುದು ಬೇರೆ ಕೋನದಲ್ಲಿ ಕತ್ತರಿಸಿದ ಹರಳು, ಎಟಿ-ಕಟ್ ಅಂತ. 1934ರಲ್ಲಿ ಬೆಲ್ ಲ್ಯಾಬ್ಸಿನವರು ಕಂಡುಹಿಡಿದದ್ದು. ಇದು ಬಿಸಿಗೆ ಅಷ್ಟೊಂದು ಹೆದರುವುದಿಲ್ಲ, ಆದರೂ ಚಳಿಗಾಲ ಬೇಸಿಗೆ ಎಲ್ಲ ಸೇರಿ ಹತ್ತಿಪ್ಪತ್ತು ಪಿಪಿಎಂ ಅತ್ತಿತ್ತ ಆಗೇ ಆಗುತ್ತೆ.

ಇದನ್ನು ಸರಿಮಾಡಲು ಎರಡು ದಾರಿ. ಮೊಸರಿನ ಉದಾಹರಣೆ ಕೊಡುತ್ತೇನೆ, ಅಡುಗೆ ಬ್ಲಾಗಿನವರಿಗೆ ಕೂಡಲೇ ಗೊತ್ತಾಗುತ್ತೆ. ಚಳಿಗಾಲದಲ್ಲಿ ಹಾಲು ಹೆಪ್ಪಾಗುವುದಿಲ್ಲ. ಆಗ ಅಮ್ಮ ಏನು ಮಾಡುತ್ತಿದ್ದಳು? ಚಳಿ ಎಷ್ಟಿದೆ ಅಂತ ನೋಡಿ ಒಂದು ಚಮಚ ಹೆಪ್ಪು ಜಾಸ್ತಿ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಒಂದೆರಡು ಹನಿ ಅಷ್ಟೇ. ಅಜ್ಜಿ ಹಾಗಲ್ಲ. ಎಲ್ಲ ಕಾಲಕ್ಕೂ ಅದೇ ಅಳತೆಯ ಹೆಪ್ಪು, ಆದರೆ ಚಳಿ ಬಂತೆಂದರೆ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹುಗಿದಿಡುತ್ತಿದ್ದಳು. ಹೊರಗಿನ ಚಳಿ ಹಾಲಿಗೆ ಗೊತ್ತೇ ಆಗಬಾರದು!

ಅಮ್ಮನದು ಟಿಸಿಎಕ್ಸ್‌ಓ. ಅಜ್ಜಿಯದು ಓಸಿಎಕ್ಸ್‌ಓ.

ಟಿಸಿಎಕ್ಸ್‌ಓ ಒಳಗೆ ಹರಳಿನ ಪಕ್ಕ ಒಂದು ಪುಟ್ಟ ಥರ್ಮಾಮೀಟರ್ ಇರುತ್ತೆ. ಈ ಬಿಸಿಗೆ ಈ ಹರಳು ಇಷ್ಟು ತಪ್ಪುತ್ತೆ ಅಂತ ಫ್ಯಾಕ್ಟರಿಯಲ್ಲೇ ಅಳೆದು ಲೆಕ್ಕ ಬರೆದಿಟ್ಟಿರುತ್ತಾರೆ. ಬಿಸಿ ನೋಡು, ಲೆಕ್ಕ ತೆಗೆ, ಅಷ್ಟು ಮಟ್ಟಿಗೆ ಹರಳನ್ನು ಎಳೆ. ಹಿಂದೆ ಇದನ್ನು ಥರ್ಮಿಸ್ಟರ್ ಮತ್ತು ವ್ಯಾರಕ್ಟರ್ ಡಯೋಡ್ ಜೋಡಿಸಿ ಮಾಡುತ್ತಿದ್ದರು, ಈಗ ಎಲ್ಲ ಒಂದೇ ಚಿಪ್ಪಿನಲ್ಲಿ. ಕೆಲವೇ ಮಿಲಿವ್ಯಾಟ್ ಸಾಕು. ಒತ್ತಿದ ಕೂಡಲೇ ರೆಡಿ. ಓಸಿಎಕ್ಸ್‌ಓ ಒಳಗೆ ನಿಜವಾದ ಒಲೆ ಇರುತ್ತೆ. ಹರಳನ್ನು 80-90 ಡಿಗ್ರಿಯ ಆಸುಪಾಸು, ಅಂದರೆ ಹೊರಗೆ ಎಂದೂ ಬರದಷ್ಟು ಬಿಸಿಯಲ್ಲಿ ಒಂದೇ ಸಮ ಇಡುತ್ತಾರೆ. ಅದೂ ಎಂಥ ಜಾಗ ನೋಡಿ: ಹರಳಿನ ಫ್ರೀಕ್ವೆನ್ಸಿ ಬಿಸಿಯ ಜೊತೆ ಏರುವುದನ್ನು ನಿಲ್ಲಿಸಿ ಇಳಿಯಲು ಶುರುಮಾಡುವ (ಅಥವಾ ಇಳಿಯುವುದನ್ನು ನಿಲ್ಲಿಸಿ ಏರುವ) ತಿರುವಿನಲ್ಲೇ ಒಲೆಯನ್ನು ನಿಲ್ಲಿಸುತ್ತಾರೆ. ಅಲ್ಲಿ ಒಲೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಹರಳಿಗೆ ಲೆಕ್ಕಕ್ಕಿಲ್ಲ. ಒಳ್ಳೆಯವುಗಳಲ್ಲಿ ಎಸ್‌ಸಿ-ಕಟ್ ಅನ್ನೋ ಹರಳು, 1970ರ ದಶಕದಲ್ಲಿ ಬಂದದ್ದು. ಬಿಸಿ ಥಟ್ಟನೆ ಬದಲಾದರೆ ಎಟಿ-ಕಟ್ ಬೆಚ್ಚಿಬೀಳುತ್ತೆ, ಎಸ್‌ಸಿ-ಕಟ್ ಅಷ್ಟಾಗಿ ಬೀಳುವುದಿಲ್ಲ. ಇದಕ್ಕೆಲ್ಲ ಬೆಲೆ ಏನಪ್ಪಾ ಅಂದರೆ ಸುಮ್ಮನೆ ಕೂತಿದ್ದರೂ ಒಂದು ವ್ಯಾಟ್‌ನಷ್ಟು ಕರೆಂಟು, ಹಚ್ಚಿದಾಗ ಅದರ ಮೂರು ನಾಲ್ಕು ಪಟ್ಟು, ಮತ್ತೆ ಕಾಯಲು ಕೆಲವು ನಿಮಿಷ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಡೇಟಾಶೀಟಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದು ಸಂಖ್ಯೆ ಇರುತ್ತೆ. ಟಿಸಿಎಕ್ಸ್‌ಓದಲ್ಲಿ "±0.1 ಪಿಪಿಎಂ", ಓಸಿಎಕ್ಸ್‌ಓದಲ್ಲಿ "±0.01 ಪಿಪಿಎಂ". ನೋಡಿದವರು ಏನಂದುಕೊಳ್ಳುತ್ತಾರೆ? ಓಹೋ, ಎರಡೂ ಒಂದೇ ಜಾತಿ, ಒಂದು ಹತ್ತು ಪಟ್ಟು ಚೆನ್ನಾಗಿದೆ, ನಮಗೆ ಅಷ್ಟು ಬೇಡ, ಚಿಕ್ಕದು ಸಾಕು ಅಂತ. ತಪ್ಪು ಇಲ್ಲೇ ಇರೋದು. ಆ ಸಂಖ್ಯೆ ಹೇಳೋದು −40ರಿಂದ 85 ಡಿಗ್ರಿವರೆಗೆ ನಿಧಾನವಾಗಿ ಬಿಸಿ ಮಾಡುತ್ತಾ ಹೋದರೆ ಒಟ್ಟು ಎಷ್ಟರೊಳಗೆ ಇರುತ್ತೆ ಅಂತ ಮಾತ್ರ. ಆ ಗೆರೆಗಳ ನಡುವೆ ಅದು ಹೇಗೆ ಓಡಾಡುತ್ತೆ ಅಂತ ಹೇಳುವುದೇ ಇಲ್ಲ. ಟಿಸಿಎಕ್ಸ್‌ಓದಲ್ಲಿ ತಿದ್ದುಪಡಿ ಮಾಡಿ ಉಳಿದ ತಪ್ಪು ನೇರ ಗೆರೆಯಲ್ಲ, ಅದು ಹಾವಿನ ಹಾಗೆ ಡೊಂಕು. ಐದಾರು ಡಿಗ್ರಿ ಸರಿದರೆ ಮೇಲಿನ ಗೆರೆಯ ಹತ್ತಿರದಿಂದ ನಡುವಿಗೆ ಇಳಿದಿರಬಹುದು. ಸ್ಪೆಸಿಫಿಕೇಶನ್ ಪ್ರಕಾರ ಸರಿ. ನಿಮ್ಮ ಕೆಲಸ ಮಾತ್ರ ಕೆಟ್ಟಿರುತ್ತೆ.

ಇನ್ನೊಂದು. ಥರ್ಮಾಮೀಟರ್ ಹರಳಲ್ಲ! ಅದು ಚಿಪ್ಪಿನಲ್ಲಿದೆ, ಹರಳು ಅದರ ಪಕ್ಕದಲ್ಲಿದೆ. ಬಿಸಿ ನಿಧಾನವಾಗಿ ಬದಲಾದರೆ ಇಬ್ಬರೂ ಒಂದೇ ಮಾತಾಡುತ್ತಾರೆ. ಫ್ಯಾನ್ ಗಾಳಿ ಬಡಿದರೆ ಒಬ್ಬನಿಗೆ ಮೊದಲು ಚಳಿ, ಇನ್ನೊಬ್ಬನಿಗೆ ಆಮೇಲೆ. ಅಷ್ಟು ಹೊತ್ತು ಲೆಕ್ಕ ತಪ್ಪು. ಸಾಲದ್ದಕ್ಕೆ ಹರಳಿಗೆ ನೆನಪಿನ ಕಾಯಿಲೆ ಬೇರೆ. 40 ಡಿಗ್ರಿಗೆ ಬಿಸಿಯಿಂದ ಇಳಿದು ಬಂದಾಗ ಒಂದು ಫ್ರೀಕ್ವೆನ್ಸಿ, ತಣ್ಣಗಿದ್ದದ್ದು ಏರಿ ಬಂದಾಗ ಸ್ವಲ್ಪ ಬೇರೆ ಫ್ರೀಕ್ವೆನ್ಸಿ. ಲೆಕ್ಕದ ಪಟ್ಟಿ ಎಷ್ಟೇ ದೊಡ್ಡದು ಮಾಡಿ, ಒಂದೇ ಬಿಸಿಗೆ ಎರಡು ಉತ್ತರ ಇದ್ದರೆ ಪಟ್ಟಿ ಏನು ಮಾಡುತ್ತೆ ಪಾಪ? ಒಲೆಯಲ್ಲಿ ಕೂತ ಹರಳಿಗೆ ಹೊರಗಿನ ಏರಿಳಿತದಿಂದ ಈ ಪ್ರಶ್ನೆ ಬರುವುದಿಲ್ಲ. ಅದು ಏರುವುದೂ ಇಲ್ಲ ಇಳಿಯುವುದೂ ಇಲ್ಲ.

ನಂಬದವರಿಗೆ ಮನೆಯಲ್ಲೇ ತೋರಿಸುತ್ತೇನೆ. ನನ್ನ ಹತ್ತಿರ ಯಾವುದೋ ಹಳೇ ಟೆಲಿಕಾಂ ಉಪಕರಣದಿಂದ ಬಿಚ್ಚಿದ ರೂಬಿಡಿಯಂ ಒಂದಿದೆ (ಎಸ್.ಪಿ. ರೋಡಿನ ಕೃಪೆ, ಮನೆಯಾಕೆಗೆ ನಿಜವಾದ ಬೆಲೆ ಇನ್ನೂ ಹೇಳಿಲ್ಲ :-)). ಅದನ್ನು ಆಧಾರವಾಗಿಟ್ಟು ಕೌಂಟರಿಗೆ 10 ಮೆಗಾಹರ್ಟ್ಸಿನ ಟಿಸಿಎಕ್ಸ್‌ಓ ಸಿಕ್ಕಿಸಿ, ಅಂಕಿಗಳು ಒಂದು ಕಡೆ ನಿಂತ ಮೇಲೆ ಅದರ ಮೇಲೆ ಮೆಲ್ಲಗೆ ಉಫ್ ಅಂತ ಊದಿ. ದಶಮಾಂಶದ ಪಕ್ಕದ ಅಂಕಿಗಳು ದಡಬಡ ಓಡುತ್ತವೆ. ಸ್ವಲ್ಪ ಹೊತ್ತಾದ ಮೇಲೆ ವಾಪಸು ಬರುತ್ತವೆ, ಹೆಚ್ಚೂಕಮ್ಮಿ. ಈಗ ಓಸಿಎಕ್ಸ್‌ಓ ಸಿಕ್ಕಿಸಿ ಊದಿ. ಬೇಕಾದರೆ ಟೇಬಲ್ ಫ್ಯಾನ್ ತಿರುಗಿಸಿ. ಮೂರನೇ ಅಂಕಿ ಒಮ್ಮೆ ಕಣ್ಣು ಮಿಟುಕಿಸಬಹುದು, ಅಷ್ಟೇ. ಟಿಸಿಎಕ್ಸ್‌ಓ ಮೇಲೆ ಪ್ಲಾಸ್ಟಿಕ್ ಟೋಪಿ ಮುಚ್ಚುವ ಇಂಜಿನಿಯರುಗಳನ್ನು ನೋಡಿ ನಗುವವರಿದ್ದಾರೆ. ನಾನು ನಗುವುದಿಲ್ಲ. ಅದು ಬಡವನ ಅಕ್ಕಿ ಡಬ್ಬ.

ಈಗ ಆ ಸಹಿಯ ಕಥೆ. 2019. ಕಂಪನಿ ಹೆಸರು ಬೇಡ. ಬೀದಿ ಕಂಬದ ಮೇಲೆ ಕೂರಿಸುವ ಸಣ್ಣ 4ಜಿ ಪೆಟ್ಟಿಗೆ ಮಾಡುತ್ತಿದ್ದೆವು, ಟಿಡಿಡಿ ಪದ್ಧತಿಯದು. ಅಂದರೆ ಫೋನಿಗೆ ಹೋಗುವುದಕ್ಕೂ ಫೋನಿನಿಂದ ಬರುವುದಕ್ಕೂ ಒಂದೇ ಫ್ರೀಕ್ವೆನ್ಸಿ, ಸರದಿ ಪ್ರಕಾರ. ಸ್ವಲ್ಪ ಹೊತ್ತು ಪೆಟ್ಟಿಗೆ ಮಾತಾಡುತ್ತೆ, ಸ್ವಲ್ಪ ಹೊತ್ತು ಫೋನು. ಅಕ್ಕಪಕ್ಕದ ಪೆಟ್ಟಿಗೆಗಳೆಲ್ಲ ಒಟ್ಟಿಗೇ ಮಾತಾಡಿ ಒಟ್ಟಿಗೇ ಸುಮ್ಮನಾಗಬೇಕು. ಒಬ್ಬ ಬೇಗ ಬಾಯಿಬಿಟ್ಟರೂ ಪಕ್ಕದವನಿಗೆ ತನ್ನ ಫೋನುಗಳ ಪಿಸುಮಾತು ಕೇಳಿಸುವುದಿಲ್ಲ. ಅದಕ್ಕೇ ಪ್ರತಿಯೊಂದರ ಗಡಿಯಾರವೂ ±1.5 ಮೈಕ್ರೋಸೆಕೆಂಡಿನೊಳಗೆ ಇರಬೇಕು ಅಂತ ನಿಯಮ. ಈ ಸಮಯ ಜಿಪಿಎಸ್‌ನಿಂದ ಸಿಗುತ್ತೆ. ಜಿಪಿಎಸ್ ತಪ್ಪಿದರೆ ಪೆಟ್ಟಿಗೆ ತನ್ನ ಸ್ವಂತ ಆಸಿಲೇಟರಿನ ಮೇಲೆ ಓಡಬೇಕು. ಇದಕ್ಕೆ ಹೋಲ್ಡೋವರ್ ಅನ್ನುತ್ತಾರೆ.

ಮೊದಲ ಡಿಸೈನಿನಲ್ಲಿ ಸಣ್ಣದೊಂದು ಓಸಿಎಕ್ಸ್‌ಓ ಇತ್ತು. ಖರ್ಚು ಕಡಿತದ ಮೀಟಿಂಗಿನಲ್ಲಿ ಎಕ್ಸೆಲ್ ಶೀಟು ತೆರೆದರು. ಆ ಸಾಲು ಕೆಂಪು. "ಯಾಕೆ ಬೇಕು ಇದು? ಇಂಥ ಸಣ್ಣ ಪೆಟ್ಟಿಗೆಗೆ ರೇಡಿಯೋ ಫ್ರೀಕ್ವೆನ್ಸಿ 0.1 ಪಿಪಿಎಂ ಸಾಕು ಅಂತ ಸ್ಟ್ಯಾಂಡರ್ಡೇ ಹೇಳುತ್ತಲ್ಲ, ಈ ಟಿಸಿಎಕ್ಸ್‌ಓ ಅಷ್ಟು ಕೊಡುತ್ತೆ. ಜೊತೆಗೆ ಜಿಪಿಎಸ್ ಇದೆ." ಸ್ಟ್ಯಾಂಡರ್ಡ್ ಹಾಗೆ ಹೇಳುವುದು ನಿಜವೇ. ನಾನು ಗೊಣಗಿದೆ. ಎರಡು ದಿನ ಈಮೇಲು ಬರೆದೆ. ಮೂರನೇ ದಿನ ಸಹಿ ಹಾಕಿದೆ. ಫ್ರೀಕ್ವೆನ್ಸಿ ತಪ್ಪು ಬೇರೆ, ಸಮಯದ ತಪ್ಪು ಬೇರೆ ಅಂತ ನನಗೆ ಗೊತ್ತಿತ್ತು. ಫ್ರೀಕ್ವೆನ್ಸಿ ತಪ್ಪು ಅಷ್ಟೇ ಇದ್ದರೂ ಸಮಯದ ತಪ್ಪು ಬಡ್ಡಿಯ ಹಾಗೆ ಪ್ರತಿ ಸೆಕೆಂಡೂ ಬೆಳೆಯುತ್ತೆ. 0.1 ಪಿಪಿಎಂ ತಪ್ಪಿದರೆ 1.5 ಮೈಕ್ರೋಸೆಕೆಂಡು ಖರ್ಚಾಗಲು ಹಿಡಿಯುವುದು ಬರೀ 15 ಸೆಕೆಂಡು. ಗೊತ್ತಿದ್ದೂ ಹಾಕಿದೆ. ಅಪ್ರೈಸಲ್ ಹತ್ತಿರ ಇತ್ತು, ಇನ್ನೇನು ಹೇಳಲಿ...

ಜೂನ್ ಬಂತು. ಕರಾವಳಿಯ ಒಂದು ಊರಿನಲ್ಲಿ ಹಾಕಿದ್ದ ಪೆಟ್ಟಿಗೆಗಳಿಂದ ದೂರು ಶುರುವಾಯಿತು. ಮಧ್ಯಾಹ್ನ ಕಾಲ್ ಕಟ್ ಆಗುತ್ತೆ, ಅರ್ಧ ಗಂಟೆ ಬಿಟ್ಟು ತಾನೇ ಸರಿಹೋಗುತ್ತೆ. ಅದೂ ತೊಂದರೆ ಕಾಣೋದು ಪಕ್ಕದ ಪೆಟ್ಟಿಗೆಯಲ್ಲಿ! ಅಲ್ಲಿನ ಫೀಲ್ಡ್ ಇಂಜಿನಿಯರ್, ಡಿಪ್ಲೊಮಾ ಮುಗಿಸಿ ಒಂದು ವರ್ಷವೂ ಆಗಿರದ ಹುಡುಗ, ಆ ಪಕ್ಕದ ಪೆಟ್ಟಿಗೆಯ ಆಂಟೆನಾ ಬದಲಿಸಿದ, ಕೇಬಲ್ ಬದಲಿಸಿದ, ಕೊನೆಗೆ ಪೆಟ್ಟಿಗೆಯನ್ನೇ ಬದಲಿಸಿದ. ಮಳೆಯಲ್ಲಿ ಮೂರು ಸಲ ಕಂಬ ಹತ್ತಿ ಇಳಿದ. "ಸಾರ್, ನಾನು ಎಲ್ಲ ಸರಿಯಾಗೇ ಮಾಡಿದೀನಿ ಸಾರ್" ಅಂತ ಕಾನ್ಫರೆನ್ಸ್ ಕಾಲಿನಲ್ಲಿ ಹೇಳುತ್ತಿದ್ದ. ಅವನ ಮ್ಯಾನೇಜರು "ಕನೆಕ್ಟರ್ ಟೈಟ್ ಮಾಡೋಕೂ ಬರಲ್ವೇನಯ್ಯ ನಿಂಗೆ?" ಅಂತ ಎಲ್ಲರೆದುರು ಉಗಿದ. ನಾನೂ ಆ ಕಾಲಿನಲ್ಲಿದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ಲಾಗ್ ತೆಗೆದು ಮಳೆಯ ಹೊತ್ತಿನ ಜೊತೆ ಇಟ್ಟು ನೋಡಿದೆ. ಒಂದು ಪೆಟ್ಟಿಗೆಯ ಜಿಪಿಎಸ್ ಆಂಟೆನಾ ಜಾಯಿಂಟಿನೊಳಗೆ ನೀರು ಇಳಿಯುತ್ತಿತ್ತು. ಜೋರು ಮಳೆ ಬಂದರೆ ಹತ್ತು ಹದಿನೈದು ನಿಮಿಷ ಜಿಪಿಎಸ್ ಮಾಯ. ಅದೇ ಮಳೆ ಏನು ಮಾಡುತ್ತೆ? ಬಿಸಿಲಿನಲ್ಲಿ ಕಾದು ಕೂತಿದ್ದ ಪೆಟ್ಟಿಗೆಯನ್ನು ಆರೇಳು ಡಿಗ್ರಿ ತಣ್ಣಗೆ ಮಾಡುತ್ತೆ! ಜಿಪಿಎಸ್ ಹೋಗುವುದಕ್ಕೂ ಹರಳಿನ ಲಯ ತಪ್ಪುವುದಕ್ಕೂ ಕಾರಣ ಒಂದೇ, ಗಳಿಗೆಯೂ ಒಂದೇ. ಆಫೀಸಿನ ಏಸಿಯಲ್ಲಿ ಕೂತು ಜಿಪಿಎಸ್ ಕೇಬಲ್ ಕಿತ್ತು ಹೋಲ್ಡೋವರ್ ಟೆಸ್ಟ್ ಮಾಡಿ ಪಾಸ್ ಅಂತ ಬರೆದಿದ್ದೆವಲ್ಲ, ಅಲ್ಲಿ ಮಳೆ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡಿ. ತಣ್ಣಗಾದದ್ದಕ್ಕೆ ಟಿಸಿಎಕ್ಸ್‌ಓ ಸರಾಸರಿ 0.05 ಪಿಪಿಎಂ ಸರಿಯಿತು ಅನ್ನಿ. ಸ್ಪೆಸಿಫಿಕೇಶನ್ನಿನ ಒಳಗೇ ಇದೆ, ಯಾರೂ ತಪ್ಪು ಹೇಳುವ ಹಾಗಿಲ್ಲ. 15 ನಿಮಿಷಕ್ಕೆ 45 ಮೈಕ್ರೋಸೆಕೆಂಡು. 4ಜಿ ಟಿಡಿಡಿಯಲ್ಲಿ ಫೋನಿನ ಸರದಿ ಮುಗಿದು ಪೆಟ್ಟಿಗೆಯ ಸರದಿ ಬರುವಾಗ ಇರುವ ಬಿಡುವೇ ಸುಮಾರು 20 ಮೈಕ್ರೋಸೆಕೆಂಡು. ಮೊದಲಿದ್ದ ಓಸಿಎಕ್ಸ್‌ಓ ಅದೇ ಮಳೆಯಲ್ಲಿ 0.001 ಪಿಪಿಎಂ ಸರಿದಿದ್ದರೆ 15 ನಿಮಿಷಕ್ಕೆ 0.9 ಮೈಕ್ರೋಸೆಕೆಂಡು. ನಿಯಮದ ಒಳಗೆ. ಎಕ್ಸೆಲ್ ಶೀಟಿನ ಪ್ರಕಾರ ಇವೆರಡೂ "ಅದೇ ಕೆಲಸ".

ಇದಕ್ಕಿಂತ ದೊಡ್ಡ ಎಡವಟ್ಟು ಸಾಫ್ಟ್‌ವೇರಿನಲ್ಲಿತ್ತು. ಜಿಪಿಎಸ್ ಹೋದ ಮೇಲೆ ಎಷ್ಟು ಹೊತ್ತು ಸ್ವಂತ ಗಡಿಯಾರವನ್ನು ನಂಬಬೇಕು, ಯಾವಾಗ ಬಾಯಿ ಮುಚ್ಚಬೇಕು ಅಂತ ಒಂದು ಸಂಖ್ಯೆ ಇರುತ್ತೆ. ಓಸಿಎಕ್ಸ್‌ಓ ಕಾಲದಲ್ಲಿ ಬರೆದಿದ್ದ ಒಂದು ಗಂಟೆ ಹಾಗೇ ಉಳಿದಿತ್ತು. ಬಿಡಿಭಾಗ ಬದಲಿಸಿದವರು ಹಾರ್ಡ್‌ವೇರಿನವರು, ಅದನ್ನು ನಂಬಿಕೊಂಡಿದ್ದವರು ಸಾಫ್ಟ್‌ವೇರಿನವರು. "ಪಿನ್ ಟು ಪಿನ್ ಸರಿಹೊಂದುತ್ತೆ" ಅಂತ ಬರೆದು ಸಹಿ ಹಾಕಿದವನು ನಾನು. ಹಾಗಾಗಿ ನೀರಿಳಿದ ಪೆಟ್ಟಿಗೆ ತಾನು ಸರಿ ಅಂದುಕೊಂಡೇ ಪಕ್ಕದವನ ಕಿವಿಗೆ ಕಿರುಚುತ್ತಿತ್ತು. ಮಳೆ ನಿಂತ ಮೇಲೆ ಜಿಪಿಎಸ್ ಬಂತು, ಎಲ್ಲ ಹಸಿರು. ಹುಡುಗ ಪಕ್ಕದ ಕಂಬ ಹತ್ತುತ್ತಿದ್ದ.

ಸರಿ, ಹಾಗಾದರೆ ಎಲ್ಲಕ್ಕೂ ಒಲೆ ಹಾಕಿ ಅನ್ನುತ್ತೀಯಾ ಅಂತ ಕೇಳುತ್ತೀರಿ. ಇಲ್ಲ ಮಾರಾಯ್ರೆ. ಆ ಕಡೆಯವರ ಮೇಲೂ ನನಗೆ ಸಿಟ್ಟಿದೆ. ಹಾಡು ಕೇಳೋಕೆ ಓಸಿಎಕ್ಸ್‌ಓ ಇರುವ 10 ಮೆಗಾಹರ್ಟ್ಸ್ "ಮಾಸ್ಟರ್ ಕ್ಲಾಕ್" ಬೇಕು ಅಂತ ಲಕ್ಷಗಟ್ಟಲೆ ಸುರಿಯೋರಿದ್ದಾರೆ. ಮನುಷ್ಯನ ಕಿವಿಗೆ ಶ್ರುತಿಯಲ್ಲಿ ಗೊತ್ತಾಗುವ ವ್ಯತ್ಯಾಸ ಸಾವಿರಾರು ಪಿಪಿಎಂ. ಅತಿ ಸಾಮಾನ್ಯ ಹರಳು ಇಪ್ಪತ್ತು ಪಿಪಿಎಂ ತಪ್ಪಿದರೆ ಭೀಮಸೇನ ಜೋಶಿಯವರ ಷಡ್ಜ ಎಲ್ಲಿಗೂ ಹೋಗುವುದಿಲ್ಲ. ಕೈಗಡಿಯಾರಕ್ಕೆ ಒಲೆ ಕಟ್ಟೋಕೂ ಆಗುವುದಿಲ್ಲ, ಅಲ್ಲಿ ಅಮ್ಮನ ದಾರಿಯೇ ಸರಿ. 2019ರಲ್ಲಿ ಸಿಟಿಜನ್ ಕಂಪನಿ ವರ್ಷಕ್ಕೆ ±1 ಸೆಕೆಂಡಿನ ಕೈಗಡಿಯಾರ ಮಾಡಿತು. ಎಟಿ-ಕಟ್ ಹರಳು, ನಿಮಿಷಕ್ಕೊಮ್ಮೆ ಬಿಸಿ ನೋಡಿ ತಿದ್ದಿಕೊಳ್ಳುವುದು. ಅಂಥದ್ದಕ್ಕೆ ಕೈಮುಗಿಯಬೇಕು. ಹವ್ಯಾಸಿಗಳ ಪ್ರೀತಿಯ ಡಿಎಸ್3231 ಚಿಪ್ಪೂ ಟಿಸಿಎಕ್ಸ್‌ಓ ಇರುವುದೇ. 64 ಸೆಕೆಂಡಿಗೊಮ್ಮೆ ಬಿಸಿ ಅಳೆದು ತಿದ್ದಿಕೊಂಡು, 0ಯಿಂದ 40 ಡಿಗ್ರಿಯೊಳಗೆ ±2 ಪಿಪಿಎಂ ಕೊಡುತ್ತೆ. ನಮ್ಮ ಮನೆ ತುಳಸಿಕಟ್ಟೆಗೆ ನೀರು ಬಿಡುವ ಟೈಮರಿನಲ್ಲಿ ಅದೇ ಇರೋದು.

ಒಲೆಗೂ ಅದರದೇ ರೋಗಗಳಿವೆ. ಆರಿಸಿ ಮತ್ತೆ ಹಚ್ಚಿದರೆ ಹಿಂದಿನ ಫ್ರೀಕ್ವೆನ್ಸಿಗೇ ಸರಿಯಾಗಿ ವಾಪಸು ಬರುವುದಿಲ್ಲ. ಹರಳಿಗೆ ವಯಸ್ಸಾಗುವುದನ್ನು ಯಾವ ಒಲೆಯೂ ತಡೆಯುವುದಿಲ್ಲ. ಇನ್ನೊಂದು, ಅದರಲ್ಲಿ ಹೀಟರ್ ಇದೆ, ಕೂಲರ್ ಇಲ್ಲ! ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲಿಗೆ ಬಿಟ್ಟ ಪೆಟ್ಟಿಗೆಯ ಒಳಗೇ 75 ಡಿಗ್ರಿ ದಾಟಿದರೆ 80 ಡಿಗ್ರಿಯ ಒಲೆಗೆ ಹಿಡಿತ ತಪ್ಪುತ್ತೆ. ಇಡೀ ದಿನ ಜಿಪಿಎಸ್ ಇಲ್ಲದೆ 1.5 ಮೈಕ್ರೋಸೆಕೆಂಡಿನೊಳಗೆ ಇರಬೇಕಾದರೆ ನಮ್ಮ ಸಣ್ಣ ಓಸಿಎಕ್ಸ್‌ಓನಿಂದಲೂ ಆಗುತ್ತಿರಲಿಲ್ಲ. ದಿನಕ್ಕೆ ಬರೀ 0.0005 ಪಿಪಿಎಂ ವಯಸ್ಸಾಗುವ ಓಸಿಎಕ್ಸ್‌ಓ ಕೂಡ, ಬಿಸಿ ಒಂಚೂರೂ ಬದಲಾಗದಿದ್ದರೆ, ಆರು ಗಂಟೆ ಚಿಲ್ಲರೆಗೆ ಆ ಗೆರೆ ದಾಟುತ್ತೆ. ನಾನು ಓಸಿಎಕ್ಸ್‌ಓ ಪೂಜಾರಿ ಅಲ್ಲ. ಕೇಳುತ್ತಿರುವುದು ಇಷ್ಟೇ: ಟಿಸಿಎಕ್ಸ್‌ಓ ಹಾಕುವವರು ಒಂದು ಡಿಗ್ರಿಗೆ ಎಷ್ಟು ಸರಿಯುತ್ತೆ, ಬಿಸಿ ಬೇಗ ಬದಲಾದರೆ ಏನಾಗುತ್ತೆ ಅಂತ ತಯಾರಕರಿಂದ ಗ್ರಾಫ್ ತರಿಸಿ ನೋಡಲಿ. ಮೊದಲ ಪುಟದ ದಪ್ಪ ಸಂಖ್ಯೆ ತೋರಿಸಿ ನನ್ನ ಬಾಯಿ ಮುಚ್ಚಿಸಬೇಡಿ.

ನಮ್ಮ ಪೆಟ್ಟಿಗೆ ಏನಾಯಿತು ಅಂದರೆ, ಮೊದಲು ಸಾಫ್ಟ್‌ವೇರಿನ ಒಂದು ಗಂಟೆಯನ್ನು ಮೂವತ್ತು ಸೆಕೆಂಡಿಗೆ ಇಳಿಸಿದರು. ಆಮೇಲೆ ಪ್ರತಿ ಮಳೆಗೂ ಪೆಟ್ಟಿಗೆ ಬಾಯಿ ಮುಚ್ಚತೊಡಗಿತು. ಮತ್ತೆ ದೂರು. ಮುಂದಿನ ಬೋರ್ಡಿನಲ್ಲಿ ಸದ್ದಿಲ್ಲದೆ ಓಸಿಎಕ್ಸ್‌ಓ ವಾಪಸು ಬಂತು. ಆ ಹುಡುಗನ ಹತ್ತಿರ ಮಾತಾಡಬೇಕು ಅಂತ ಫೋನ್ ಮಾಡಿದಾಗ ಅವನು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಆಫೀಸಿನ ನಂಬರು ಬೇರೆ ಯಾರೋ ಎತ್ತಿದರು.

ಇಷ್ಟನ್ನೂ ಮೊನ್ನೆ ದರ್ಶಿನಿಯಲ್ಲಿ ನಿಂತೇ ಹೇಳಿದೆ. ಕಾಫಿ ಆರಿಹೋಗಿತ್ತು. ಸ್ನೇಹಿತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಪೆಟ್ಟಿಗೆನೂ ಹೊರಗಡೆನೇ ಇರತ್ತೆ ಗುರು... ನಿನ್ನ ಹತ್ರ ಆ ರೂಬಿಡಿಯಂ ಇನ್ನೂ ಇದ್ಯಾ?" ಅಂದ. ಈ ಭಾನುವಾರ ಅವನ ಬೋರ್ಡು ತಗೊಂಡು ಮನೆಗೆ ಬರುತ್ತಿದ್ದಾನೆ. ಟೇಬಲ್ ಫ್ಯಾನ್ ಒರೆಸಿಟ್ಟಿದ್ದೇನೆ.